ಹಿಂದಿನವರು ಒಡೆದ ಗೋಡೆ: ಇಂಗ್ಲೆಂಡಿನಲ್ಲಿ ‘ಪಟ್ಟಿಯ ಮನೆ’ ಕೊಳ್ಳುವ ಮುನ್ನ

ಕಳೆದ ಚಳಿಗಾಲದಲ್ಲಿ ಪರಿಚಯದ ಡಾಕ್ಟರ್ ದಂಪತಿ ನನಗೊಂದು ಮನೆಯ ಜಾಹೀರಾತು ಕಳುಹಿಸಿದರು. ಮೂಲತಃ ಮೈಸೂರಿನವರು, ಈಗ ಸ್ವಿಂಡನ್‌ನ ಬಾಡಿಗೆ ಮನೆಯಲ್ಲಿದ್ದಾರೆ. ಜಾಹೀರಾತಿನ ಮನೆ ಇರುವುದು ವಿಲ್ಟ್‌ಶೈರ್‌ನ ಒಂದು ಹಳ್ಳಿಯಲ್ಲಿ. ಹದಿನೇಳನೇ ಶತಮಾನದ್ದು, ಹುಲ್ಲು ಹೊದಿಸಿದ ಮಾಡು, ಹಿತ್ತಿಲಲ್ಲಿ ನಾಲ್ಕು ಸೇಬಿನ ಮರ, ಹೇಳಿದ ಬೆಲೆ 6 ಲಕ್ಷ ಪೌಂಡ್. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ‘ಗ್ರೇಡ್ 2 ಲಿಸ್ಟೆಡ್, ದುರಸ್ತಿ ಆಗಬೇಕು’ ಎಂದಿತ್ತು. ಅದರ ಕೆಳಗೆ ಅವರ ಪ್ರಶ್ನೆ: ‘ಗ್ರೇಡ್ 2 ಎಂದರೆ ಸೆಕೆಂಡ್ ಕ್ಲಾಸ್ ಅಲ್ಲವೇ? ಹಾಗಾದರೆ ಬೆಲೆ ಇನ್ನೂ ಇಳಿಸಿ ಕೇಳಬಹುದೇ?’

ಓದಿ ನಗು ಬಂತು. ಆದರೆ ಪ್ರಶ್ನೆ ನಗುವಂಥದ್ದಲ್ಲ. ‘ಲಿಸ್ಟೆಡ್’ ಎಂದರೆ ಚಾರಿತ್ರಿಕ ಮಹತ್ವಕ್ಕಾಗಿ ಕಾನೂನು ಕಾಪಾಡುವ ಕಟ್ಟಡಗಳ ಪಟ್ಟಿಗೆ ಸೇರಿದ ಮನೆ. ಕರ್ನಾಟಕದಿಂದ ಬಂದವರು ಹಳೆಯ ಮನೆ ಕಾಣದವರೇನಲ್ಲ. ತೊಟ್ಟಿ, ಕಂಬದ ಪಡಸಾಲೆ, ಅಟ್ಟ, ನಾಗಂದಿಗೆ ಎಲ್ಲವನ್ನೂ ಕಂಡೇ ಬೆಳೆದವರು. ಆದರೆ ಅಜ್ಜನ ಮನೆಯ ಗೋಡೆ ಒಡೆಯಬೇಕಾದರೆ ಅಣ್ಣತಮ್ಮಂದಿರನ್ನು ಒಪ್ಪಿಸಿದರೆ ಸಾಕಿತ್ತು. ಇಲ್ಲಿ ಒಪ್ಪಿಸಬೇಕಾದವರು ಬೇರೆ. ಆ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆ, ಹಳೆಯ ಗೋಡೆಯೊಳಗೆ ಏನು ನಡೆಯುತ್ತದೆ, ದುಡ್ಡು ಎಲ್ಲೆಲ್ಲಿ ಸೋರುತ್ತದೆ ಎಂಬುದು ತಿಳಿಯದೆ ಇಂಥ ಮನೆಗೆ ಕೈ ಹಾಕಬಾರದು. ಇಲ್ಲಿ ಹೇಳಿರುವುದೆಲ್ಲ ಇಂಗ್ಲೆಂಡಿನ ಮಟ್ಟಿಗೆ. ವೇಲ್ಸ್ ಮತ್ತು ಸ್ಕಾಟ್‌ಲೆಂಡಿಗೆ ತಮ್ಮದೇ ಕಾನೂನು, ತಮ್ಮದೇ ಸಂಸ್ಥೆಗಳಿವೆ. ಸ್ಕಾಟ್‌ಲೆಂಡಿನಲ್ಲಂತೂ ದರ್ಜೆಗಳ ಹೆಸರೇ ಎ, ಬಿ, ಸಿ.

ಯಾವ ಪಟ್ಟಿ, ಯಾರ ಪಟ್ಟಿ

ಎರಡನೇ ಮಹಾಯುದ್ಧದಲ್ಲಿ ಇಂಗ್ಲೆಂಡಿನ ಊರುಗಳ ಮೇಲೆ ಬಾಂಬು ಬೀಳುತ್ತಿದ್ದಾಗ, ಪೆಟ್ಟು ತಿಂದ ಕಟ್ಟಡಗಳಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಕೆಡವಬಹುದು ಎಂದು ಗುರುತು ಹಾಕಿಕೊಳ್ಳಬೇಕಾಯಿತು. ಆ ಕಾಲದ ಪಟ್ಟಿಗಳ ಅನುಭವದ ಮೇಲೆಯೇ 1947ರ ನಗರ ಮತ್ತು ಗ್ರಾಮ ಯೋಜನಾ ಕಾಯ್ದೆ ಇಡೀ ದೇಶದ ಕಟ್ಟಡಗಳ ಪಟ್ಟಿಗೆ ಗಟ್ಟಿಯಾದ ಬುನಾದಿ ಹಾಕಿತು. ಈಗ ನಡೆಯುತ್ತಿರುವುದು 1990ರ ಕಾಯ್ದೆಯ ಪ್ರಕಾರ. ಪಟ್ಟಿಯನ್ನು ನೋಡಿಕೊಳ್ಳುವುದು ಹಿಸ್ಟಾರಿಕ್ ಇಂಗ್ಲೆಂಡ್ ಎಂಬ ಸಂಸ್ಥೆ. ಯಾರು ಬೇಕಾದರೂ ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ನೋಡಬಹುದು.

ದರ್ಜೆಗಳು ಮೂರು. ಗ್ರೇಡ್ 1 ಎಂದರೆ ಅಸಾಧಾರಣ ಮಹತ್ವದವು. ದೊಡ್ಡ ಚರ್ಚುಗಳು, ಅರಮನೆಗಳು ಈ ಸಾಲಿಗೆ ಬರುತ್ತವೆ. ಪಟ್ಟಿಯ ಕಟ್ಟಡಗಳಲ್ಲಿ ಇವು ನೂರಕ್ಕೆ ಎರಡೂವರೆ ಮಾತ್ರ. ಅದರ ಕೆಳಗೆ ಗ್ರೇಡ್ 2 ಸ್ಟಾರ್, ನೂರಕ್ಕೆ ಆರರ ಹತ್ತಿರ. ಉಳಿದದ್ದೆಲ್ಲ ಗ್ರೇಡ್ 2. ಅಂದರೆ ಸಾಮಾನ್ಯ ಜನ ಕೊಳ್ಳಬಹುದಾದ ಪಟ್ಟಿಯ ಮನೆ ಹೆಚ್ಚುಕಡಿಮೆ ಯಾವಾಗಲೂ ಗ್ರೇಡ್ 2. ಇದು ಪಿಯುಸಿ ಫಲಿತಾಂಶವಲ್ಲ. ಎರಡನೇ ದರ್ಜೆಯೆಂದು ಕಾನೂನು ಸಡಿಲವಾಗುವುದಿಲ್ಲ, ಅನುಮತಿಯ ನಿಯಮವೂ ಶಿಕ್ಷೆಯೂ ಮೂರಕ್ಕೂ ಒಂದೇ.

1700ಕ್ಕೆ ಮುಂಚೆ ಕಟ್ಟಿ, ಮೂಲರೂಪ ಬಹುಮಟ್ಟಿಗೆ ಉಳಿಸಿಕೊಂಡಿರುವ ಕಟ್ಟಡಗಳೆಲ್ಲ ಸಾಮಾನ್ಯವಾಗಿ ಪಟ್ಟಿಯಲ್ಲಿರುತ್ತವೆ. 1700ರಿಂದ 1850ರ ನಡುವಿನವುಗಳಲ್ಲೂ ಹೆಚ್ಚಿನವು ಇರುತ್ತವೆ. ಆಮೇಲಿನವನ್ನು ಆರಿಸಿ ಸೇರಿಸುತ್ತಾರೆ.

ಜನ ಎಡವುವುದು ಇದರ ಮುಂದಿನ ವಿಷಯದಲ್ಲಿ. ಪಟ್ಟಿಯಲ್ಲಿ ಪ್ರತಿ ಕಟ್ಟಡಕ್ಕೂ ಒಂದು ವಿವರಣೆ ಇರುತ್ತದೆ: ‘ಹುಲ್ಲಿನ ಮಾಡು, ಮುಂಭಾಗ ಇಟ್ಟಿಗೆ, ಒಳಗೆ ದೊಡ್ಡ ಅಗ್ಗಿಷ್ಟಿಕೆ’ ಎಂಬಂತೆ. ಹಳೆಯ ವಿವರಣೆಗಳು ನಾಲ್ಕೈದು ಸಾಲಿಗೆ ಮುಗಿದುಹೋಗುತ್ತವೆ. ಅದನ್ನು ಓದಿ ‘ಮೆಟ್ಟಿಲಿನ ಮಾತೇ ಇಲ್ಲ, ಹಾಗಾದರೆ ಮೆಟ್ಟಿಲು ಬದಲಿಸಬಹುದು’ ಎಂದುಕೊಂಡವರು ಬಹಳ. ಆ ಸಾಲುಗಳು ಕಟ್ಟಡವನ್ನು ಗುರುತಿಸುವುದಕ್ಕೆ ಬರೆದವು. ಕಾಪಾಡಬೇಕಾದುದರ ಯಾದಿ ಅದಲ್ಲ. ಯಾವ ದರ್ಜೆಯದಾದರೂ ಸಾಮಾನ್ಯವಾಗಿ ಇಡೀ ಮನೆ, ಒಳಗೂ ಹೊರಗೂ, ಪಟ್ಟಿಗೆ ಸೇರಿದಂತೆಯೇ ಲೆಕ್ಕ. 1948ರ ಜುಲೈ 1ಕ್ಕೂ ಮುಂಚಿನಿಂದ ಮನೆಯ ಆವರಣದಲ್ಲಿ, ಮನೆಗೆ ಹೊಂದಿಕೊಂಡಂತೆ ಇರುವ ಕೊಟ್ಟಿಗೆ, ಕಾಂಪೌಂಡ್ ಗೋಡೆಗಳೂ ಜೊತೆಗೆ ಬಂದವೆಂದೇ ತಿಳಿಯಬೇಕು.

ಯಾವುದಕ್ಕೆ ಅನುಮತಿ ಬೇಕು

ಅಜ್ಜಿಯ ಸರದ ಕೊಂಡಿ ಕಡಿದರೆ ಅಂಥದೇ ಇನ್ನೊಂದು ಕೊಂಡಿ ಹಾಕಿಸುತ್ತೀರಿ, ಯಾರನ್ನೂ ಕೇಳುವುದಿಲ್ಲ. ಸರವನ್ನೇ ಕರಗಿಸಿ ಬಳೆ ಮಾಡಿಸುವುದಾದರೆ ಮನೆಮಂದಿಯ ಮುಂದೆ ಮಾತು ಬರುತ್ತದೆ. ಪಟ್ಟಿಯ ಮನೆಯ ನಿಯಮವೂ ಹೆಚ್ಚುಕಡಿಮೆ ಹೀಗೆಯೇ. ಜಾರಿದ ಹಂಚನ್ನು ಅದೇ ಬಗೆಯ ಹಂಚಿನಿಂದ ಬದಲಿಸುವುದು, ಕೊಳೆತ ಕಿಟಕಿ ಚೌಕಟ್ಟಿನ ತುದಿಗೆ ಅದೇ ಜಾತಿಯ ಮರ ಜೋಡಿಸುವುದು ದುರಸ್ತಿ. ಅದಕ್ಕೆ ಸಾಮಾನ್ಯವಾಗಿ ಅನುಮತಿ ಬೇಡ. ಕಟ್ಟಡದ ಸ್ವರೂಪ ಬದಲಾಗುವ ಕೆಲಸಕ್ಕೆಲ್ಲ ಬೇಕು: ಗೋಡೆ ತೆಗೆಯುವುದು, ಬಾಗಿಲು ಕಿಟಕಿ ಬದಲಿಸುವುದು, ಹಳೆಯ ಗಿಲಾವು ಕೆತ್ತಿಹಾಕುವುದು, ಅಗ್ಗಿಷ್ಟಿಕೆ ಮುಚ್ಚುವುದು, ಪೈಪು ಹಾಯಿಸಲು ತೊಲೆ ಕೊರೆಯುವುದು. ಎರಡರ ನಡುವೆ ಅನುಮಾನದ ಜಾಗ ವಿಶಾಲವಾಗಿದೆ. ಅಲ್ಲಿ ಕೇಳಿಯೇ ಮುಂದುವರಿಯುವುದು ಕ್ಷೇಮ.

ಕೇಳಬೇಕಾದುದು ಸ್ಥಳೀಯ ಕೌನ್ಸಿಲ್ಲನ್ನು. ಅಲ್ಲಿ ‘ಕನ್ಸರ್ವೇಷನ್ ಆಫೀಸರ್’ ಎಂಬ ಅಧಿಕಾರಿ ಇರುತ್ತಾರೆ. ಹಳೆಯ ಕಟ್ಟಡದ ಒಳಹೊರಗು ಬಲ್ಲವರು. ಅರ್ಜಿಗೆ ಶುಲ್ಕವಿಲ್ಲ. ಇಲ್ಲಿ ಸರಕಾರ ಬಿಟ್ಟಿಯಾಗಿ ಕೊಡುವ ಕೆಲವೇ ವಸ್ತುಗಳಲ್ಲಿ ಇದೂ ಒಂದು. ಆದರೆ ಅರ್ಜಿಯ ಜೊತೆಗೆ ಅಳತೆಯ ನಕ್ಷೆಗಳು, ಮನೆಯ ಚರಿತ್ರೆಯ ಮೇಲೆ ಈ ಕೆಲಸದ ಪರಿಣಾಮವೇನು ಎಂಬ ವರದಿ ಬೇಕು, ಅವನ್ನು ಮಾಡಿಕೊಡುವ ವಾಸ್ತುಶಿಲ್ಪಿ ಬಿಟ್ಟಿ ಬರುವುದಿಲ್ಲ. ಎಂಟು ವಾರಗಳಲ್ಲಿ ತೀರ್ಮಾನವಾಗಬೇಕೆಂಬುದು ಗುರಿ. ಅಷ್ಟರಲ್ಲಿ ಆಗದಿರುವುದೂ ಉಂಟು. ಕೋಣೆ ಹೆಚ್ಚಿಸಿ ಕಟ್ಟುವುದಾದರೆ ಮಾಮೂಲಿ ಯೋಜನಾ ಅನುಮತಿ, ಕಟ್ಟಡ ನಿಯಮಗಳ ಒಪ್ಪಿಗೆ ಇವೆಲ್ಲ ಬೇರೆಯೇ.

ಕೇಳದೆ ಮಾಡಿದರೆ? ಸಾಮಾನ್ಯ ಮನೆಗೆ ಅನುಮತಿಯಿಲ್ಲದೆ ಕೋಣೆ ಸೇರಿಸಿದರೆ ಅದು ನಿಯಮಭಂಗ, ಆ ಮಟ್ಟದಲ್ಲೇ ಅಪರಾಧವಲ್ಲ. ಪಟ್ಟಿಯ ಮನೆಗೆ ಹಾಗೆ ಮಾಡಿದರೆ ನೇರವಾಗಿ ಕ್ರಿಮಿನಲ್ ಅಪರಾಧ. ಶಿಕ್ಷೆ ಎರಡು ವರ್ಷದವರೆಗೆ ಸೆರೆಮನೆ, ಮಿತಿಯಿಲ್ಲದ ದಂಡ. ದಂಡ ಹಾಕುವಾಗ ಆ ಕೆಲಸದಿಂದ ಮಾಲೀಕರಿಗೆ ಎಷ್ಟು ಲಾಭವಾಯಿತೆಂಬುದನ್ನೂ ನ್ಯಾಯಾಲಯ ಗಮನಿಸುತ್ತದೆ.

ಮಾಡಿದವರು ಅವರು, ನೋಟಿಸು ನಿಮಗೆ

ಜನವರಿಯ ಒಂದು ಶನಿವಾರ ನಾನೂ ಅವರ ಜೊತೆ ಮನೆ ನೋಡಲು ಹೋದೆ. ಮುಂಬಾಗಿಲು ಗಿಡ್ಡ. ತಲೆ ಬಗ್ಗಿಸಿ ಒಳಗೆ ಹೋದರೆ ಕಪ್ಪು ತೊಲೆಗಳ ಹಾಲ್, ಆಳೆತ್ತರದ ಅಗ್ಗಿಷ್ಟಿಕೆ. ಅದಕ್ಕೆ ತೆರೆದುಕೊಂಡಂತೆ ಅಡುಗೆಮನೆ, ನಡುವೆ ಗೋಡೆ ಇಲ್ಲ. ಏಜೆಂಟ್ ಹುಡುಗ ಅದನ್ನೇ ದೊಡ್ಡ ಆಕರ್ಷಣೆಯಾಗಿ ತೋರಿಸಿದ. ಡಾಕ್ಟರಮ್ಮ ಮೇಲೆ ನೋಡಿದರು. ಎರಡು ಹಳೆಯ ತೊಲೆಗಳ ನಡುವೆ, ಬಿಳಿ ಹಲಗೆಯ ಪೆಟ್ಟಿಗೆಯೊಳಗೆ, ನೇರವಾಗಿ ಒಂದು ಅಡ್ಡಪಟ್ಟಿ ಹೋಗಿತ್ತು. ಆ ಮನೆಯಲ್ಲಿ ನೇರವಾಗಿದ್ದದ್ದು ಅದೊಂದೇ. ಅದು ಉಕ್ಕಿನ ತೊಲೆ. ಅಲ್ಲಿ ಹಿಂದೆ ಗೋಡೆಯಿತ್ತು, ಯಾರೋ ಒಡೆದಿದ್ದಾರೆ. ಹಿಂಬದಿಯ ಎರಡು ಕಿಟಕಿಗಳು ಪ್ಲಾಸ್ಟಿಕ್ಕಿನವು.

ಆ ವಾರವೇ ಅವರು ಕೌನ್ಸಿಲ್ಲಿನ ಜಾಲತಾಣದಲ್ಲಿ ಮನೆಯ ವಿಳಾಸ ಹಾಕಿ ಹುಡುಕಿದರು. ಎಂಬತ್ತರ ದಶಕದಲ್ಲಿ ಹಿಂದುಗಡೆ ಬಚ್ಚಲುಮನೆ ಕಟ್ಟಿಕೊಳ್ಳಲು ಅನುಮತಿ ಸಿಕ್ಕಿದ ದಾಖಲೆ ಇತ್ತು. ಗೋಡೆಯ ಬಗ್ಗೆ, ಕಿಟಕಿಗಳ ಬಗ್ಗೆ ಒಂದಕ್ಷರವಿಲ್ಲ.

ಪಟ್ಟಿಯ ಮನೆಯ ವ್ಯವಹಾರದಲ್ಲಿ ಅತಿ ಹೆಚ್ಚು ಜನರಿಗೆ ಗೊತ್ತಿಲ್ಲದ, ಅತಿ ದುಬಾರಿಯಾಗಬಲ್ಲ ಸಂಗತಿ ಇದೇ. ಅನುಮತಿಯಿಲ್ಲದೆ ಗೋಡೆ ಒಡೆದವನು ಅಪರಾಧಿ, ಕೊಂಡವರಲ್ಲ. ಜೈಲಿನ ಮಾತು ಕೊಂಡವರಿಗೆ ಬರುವುದಿಲ್ಲ. ಆದರೆ ‘ಮೊದಲಿದ್ದಂತೆ ಮಾಡಿ’ ಎಂಬ ನೋಟಿಸನ್ನು ಕೌನ್ಸಿಲ್ ಕೊಡುವುದು ಈಗ ಯಾರು ಮಾಲೀಕರೋ ಅವರಿಗೆ. ಸಾಮಾನ್ಯ ಮನೆಗಳ ನಿಯಮಭಂಗಕ್ಕೆ ಇಷ್ಟು ವರ್ಷ ಕಳೆದರೆ ಕ್ರಮವಿಲ್ಲ ಎಂಬ ಮಿತಿ ಇದೆ. ಪಟ್ಟಿಯ ಕಟ್ಟಡಕ್ಕೆ ಅಂಥ ಮಿತಿ ಇಲ್ಲ. ಮೂವತ್ತು ವರ್ಷದ ಹಿಂದೆ ಯಾರೋ ಹಾಕಿಸಿದ ಪ್ಲಾಸ್ಟಿಕ್ ಕಿಟಕಿ ಕಿತ್ತು ಮರದ ಕಿಟಕಿ ಕೂರಿಸುವ ಖರ್ಚು ಇವತ್ತಿನ ಮಾಲೀಕರದು. ಅಪ್ಪ ಮಾಡಿದ ಸಾಲವನ್ನು ಆಸ್ತಿಯ ಜೊತೆಗೆ ಮಕ್ಕಳು ಹೊತ್ತ ಹಾಗೆ. ವ್ಯತ್ಯಾಸವೇನೆಂದರೆ ಇಲ್ಲಿ ಅಪ್ಪ ಯಾರೆಂದೇ ಗೊತ್ತಿರುವುದಿಲ್ಲ.

ಎಲ್ಲ ಕೌನ್ಸಿಲ್‌ಗಳೂ ಎಲ್ಲ ಹಳೆಯ ತಪ್ಪುಗಳನ್ನು ಅಗೆಯುತ್ತಾ ಕೂರುವುದಿಲ್ಲ, ನಿಜ. ಆದರೆ ನೀವು ನಾಳೆ ಬೇರೇನೋ ಕೆಲಸಕ್ಕೆ ಅರ್ಜಿ ಹಾಕುತ್ತೀರಿ, ಅಧಿಕಾರಿ ಮನೆಗೆ ಬರುತ್ತಾರೆ, ತಲೆಯೆತ್ತಿ ಆ ಅಡ್ಡಪಟ್ಟಿ ನೋಡುತ್ತಾರೆ. ವಿಷಯ ಹೊರಬೀಳುವುದು ಸಾಮಾನ್ಯವಾಗಿ ಹೀಗೆ.

ಕೊಳ್ಳುವ ಮೊದಲು ಇದನ್ನು ಸರಿಪಡಿಸಿಕೊಳ್ಳುವ ದಾರಿಗಳು ಎರಡು, ಮತ್ತು ಅವೆರಡೂ ಒಟ್ಟಿಗೆ ಹೋಗುವುದಿಲ್ಲ. ಒಂದು, ಆಗಿರುವ ಕೆಲಸವನ್ನು ಉಳಿಸಿಕೊಳ್ಳಲು ಮಾರುವವರೇ ಈಗ ಅನುಮತಿಗೆ ಅರ್ಜಿ ಹಾಕುವುದು. ಸಿಕ್ಕರೆ ಅಲ್ಲಿಂದ ಮುಂದಕ್ಕೆ ಕೆಲಸ ಸಕ್ರಮ, ಕೊಂಡವರ ತಲೆನೋವು ಮುಗಿಯುತ್ತದೆ. ಇನ್ನೊಂದು, ವಕೀಲರು ಬೇಗ ಸೂಚಿಸುವ ದಾರಿ: ‘ಮುಂದೆ ನೋಟಿಸು ಬಂದರೆ ನಷ್ಟ ನಾವು ಕೊಡುತ್ತೇವೆ’ ಎನ್ನುವ ವಿಮೆ. ಒಂದೇ ಸಲ ಹಣ ಕಟ್ಟಿದರೆ ಆಯಿತು, ದುಬಾರಿಯೂ ಅಲ್ಲ. ಆದರೆ ಇದರ ಬಗ್ಗೆ ಕೌನ್ಸಿಲ್ಲಿಗೆ ಒಂದು ಫೋನ್ ಮಾಡಿ ವಿಚಾರಿಸಿದ್ದರೂ ವಿಮಾ ಕಂಪನಿ ಹಿಂದೆ ಸರಿಯುತ್ತದೆ, ಯಾಕೆಂದರೆ ಮಲಗಿದ್ದವರನ್ನು ಎಬ್ಬಿಸಿದ್ದು ನೀವು. ಜೊತೆಗೆ, ವಿಮೆ ನಷ್ಟ ತುಂಬಿಕೊಡಬಹುದೇ ಹೊರತು ತಪ್ಪನ್ನು ಸಕ್ರಮ ಮಾಡುವುದಿಲ್ಲ. ನೀವೇ ದುರಸ್ತಿ ಮಾಡಿಸಬೇಕೆಂದಿರುವ ಮನೆಯಾದರೆ ಅಧಿಕಾರಿ ಹೇಗೂ ಮನೆಗೆ ಬರುವವರೇ. ಹಾಗಾಗಿ ನನಗೆ ಮೊದಲ ದಾರಿಯೇ ಸರಿಯೆನ್ನಿಸುತ್ತದೆ. ನಿಧಾನ ಹೌದು, ವಕೀಲರಿಗೆ ಕಿರಿಕಿರಿ ಹೌದು.

ಹಿಂದಿನವರ ಲೆಕ್ಕ ಎಷ್ಟು ಹಿಂದಕ್ಕೆ ಹೋಗಬಹುದು ಎಂಬುದಕ್ಕೆ ಒಂದು ವಿಚಿತ್ರ ಉದಾಹರಣೆ. ವಾರಿಕ್‌ಶೈರ್‌ನ ಆಸ್ಟನ್ ಕ್ಯಾಂಟ್ಲೋ ಎಂಬಲ್ಲಿ ಒಂದು ಜಮೀನಿನ ಮಾಲೀಕರಿಗೆ ಊರಿನ ಚರ್ಚಿನ ಗರ್ಭಗುಡಿಯಂಥ ಭಾಗದ ರಿಪೇರಿ ಖರ್ಚು ಕೊಡಬೇಕೆಂದು ಕೇಳಿಕೆ ಬಂತು. ಅವರಿಗಿಂತ ಶತಮಾನಗಳ ಹಿಂದೆಯೇ ಆ ಹೊಣೆ ಜಮೀನಿಗೆ ಅಂಟಿಕೊಂಡಿತ್ತು. ಅವರು ಕೋರ್ಟಿಗೆ ಹೋದರು. 2003ರಲ್ಲಿ, ಆಗ ಅತ್ಯುಚ್ಚ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಕೊಡಲೇಬೇಕೆಂದಿತು. ನಮ್ಮಲ್ಲಿ ಇನಾಂ ಜಮೀನಿಗೆ ದೇವಸ್ಥಾನದ ನಂದಾದೀಪದ ಎಣ್ಣೆ ಕಟ್ಟಿಹಾಕಿದ ಹಾಗೆ! 2013ರ ಅಕ್ಟೋಬರ್ ನಂತರ ನಿಯಮ ಬಿಗಿಯಾಗಿದೆ. ಚರ್ಚು ತನ್ನ ಹಕ್ಕನ್ನು ಭೂದಾಖಲೆಯಲ್ಲಿ ಬರೆಸಿರದಿದ್ದರೆ ಸಾಮಾನ್ಯವಾಗಿ ಹೊಸದಾಗಿ ಕೊಂಡವರನ್ನು ಕೇಳುವಂತಿಲ್ಲ. ಆದರೂ ಹಳ್ಳಿಯ ಆಸ್ತಿಯಾದರೆ ವಕೀಲರು ಇದನ್ನು ನೋಡಿಯೇ ನೋಡುತ್ತಾರೆ, ನೋಡಲಿ.

ಗೋಡೆ ಮತ್ತು ಮಡಕೆ

ಇನ್ನು ಕಾಗದ ಬಿಟ್ಟು ಗೋಡೆಗೆ ಬರೋಣ. ಹಳೆಯ ಮನೆಗಳ ಬಗ್ಗೆ ಎಲ್ಲರೂ ಹೇಳುವ ಮಾತು ‘ಗೋಡೆ ಉಸಿರಾಡಬೇಕು’. ಹಾಗೆಂದರೇನು?

ಮಣ್ಣಿನ ಮಡಕೆಯ ನೀರು ಯಾಕೆ ತಣ್ಣಗಿರುತ್ತದೆ ಎಂದು ಶಾಲೆಯಲ್ಲಿ ಓದಿದ್ದೇವೆ. ಮಡಕೆಯ ಸೂಕ್ಷ್ಮ ರಂಧ್ರಗಳಿಂದ ನೀರು ಹೊರಮೈಗೆ ಬಂದು ಆವಿಯಾಗುತ್ತಲೇ ಇರುತ್ತದೆ. ಹಳೆಯ ಇಂಗ್ಲಿಷ್ ಗೋಡೆ ಅಂಥದೊಂದು ಮಡಕೆ. ಕಲ್ಲು ಅಥವಾ ಮೆದು ಇಟ್ಟಿಗೆ, ನಡುವೆ ಸುಣ್ಣದ ಗಾರೆ, ಮೇಲೆ ಸುಣ್ಣದ ಗಿಲಾವು. ಮಳೆಯಲ್ಲಿ ಒಂದಿಷ್ಟು ನೀರು ಕುಡಿಯುತ್ತದೆ, ಗಾಳಿ ಬಿಸಿಲಿಗೆ ಬಿಟ್ಟುಕೊಡುತ್ತದೆ. ಒದ್ದೆಯಾಗುವುದು ಅದರ ದೋಷವಲ್ಲ. ಒದ್ದೆಯಾಗಿ ಒಣಗುವುದೇ ಅದರ ಕ್ರಮ. ಇವತ್ತಿನ ಮನೆಯ ಗೋಡೆ ಬೇರೆ ಜಾತಿ. ಎರಡು ಪದರ, ನಡುವೆ ಖಾಲಿ ಜಾಗ, ತಳದಲ್ಲಿ ತೇವ ತಡೆಯುವ ಹಾಳೆ. ಅದು ನೀರನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಒಂದು ಮಡಕೆ, ಇನ್ನೊಂದು ರೇನ್‌ಕೋಟು.

ಮಡಕೆಗೆ ರೇನ್‌ಕೋಟು ತೊಡಿಸಿದಾಗ ಹಾಳಾಗುತ್ತದೆ. ಇಪ್ಪತ್ತನೇ ಶತಮಾನದಲ್ಲಿ ಸಿಮೆಂಟ್ ಎಲ್ಲೆಡೆ ಸಿಗತೊಡಗಿದ ಮೇಲೆ ಹಳೆಯ ಗೋಡೆಗಳಿಗೆಲ್ಲ ಅದನ್ನು ಬಳಿದರು, ಕಲ್ಲು ಕಲ್ಲಿನ ನಡುವಿನ ಗಾರೆ ಕೆತ್ತಿ ಸಿಮೆಂಟ್ ತುಂಬಿದರು. ಗಟ್ಟಿಯಲ್ಲವೇ, ಒಳ್ಳೆಯದೇ ಅಲ್ಲವೇ? ಗಟ್ಟಿಯಾದದ್ದೇ ತೊಂದರೆ. ಹಳೆಯ ಗೋಡೆ ಋತುವಿಗೆ ತಕ್ಕಂತೆ ಕೂದಲೆಳೆಯಷ್ಟು ಅಲುಗಾಡುತ್ತದೆ. ಸುಣ್ಣ ಅದರ ಜೊತೆ ಬಾಗುತ್ತದೆ, ಸಿಮೆಂಟ್ ಬಿರಿಯುತ್ತದೆ. ಬಿರುಕಿನಿಂದ ನೀರು ಒಳಗೆ ಹೋಗುತ್ತದೆ, ಹೊರಬರಲು ದಾರಿಯಿಲ್ಲ. ಚಳಿಗಾಲದಲ್ಲಿ ಆ ನೀರು ಹೆಪ್ಪುಗಟ್ಟಿ ಹಿಗ್ಗಿ ಇಟ್ಟಿಗೆಯ ಮುಖವನ್ನೇ ಸಿಪ್ಪೆಯಂತೆ ಎಬ್ಬಿಸುತ್ತದೆ. ಒಳಗಿರುವ ಓಕ್ ಮರದ ತೊಲೆಯ ತುದಿ ವರ್ಷಗಟ್ಟಲೆ ಒದ್ದೆಯಲ್ಲಿ ಕೂತು ಮೆತ್ತಗಾಗುತ್ತದೆ. ಹೊರಗಿನಿಂದ ನೋಡಿದರೆ ಎಲ್ಲ ನೀಟು.

ಈ ಮನೆಯ ಬಚ್ಚಲಿನ ಪಕ್ಕದ ಗೋಡೆಯಲ್ಲಿ ಬಣ್ಣ ಹಪ್ಪಳದಂತೆ ಉಬ್ಬಿತ್ತು. ಬೆರಳಿನ ಗಿಣ್ಣಿನಿಂದ ತಟ್ಟಿದರೆ ಟೊಳ್ಳು ಸದ್ದು. ಕೆಳಗೆ ನೆಲದಂಚಿನಲ್ಲಿ ಉಪ್ಪಿನಂಥ ಬಿಳಿ ಪುಡಿ. ಮೂಲೆಯ ಬೀರುವಿನೊಳಗೆ ತೇವ ಹೀರುವ ಯಂತ್ರವೊಂದು ಮೆಲ್ಲಗೆ ಗುಯ್‌ಗುಡುತ್ತಿತ್ತು. ಏಜೆಂಟ್ ಬಾಗಿಲು ಮುಚ್ಚಿದ, ನಾವು ಕೇಳಲಿಲ್ಲ. ಮಾರುವವರ ಬಳಿ ಒಂದು ಕಂಪನಿಯ ವರದಿ ಇತ್ತು: ನೆಲದಿಂದ ತೇವ ಏರುತ್ತಿದೆ, ಗೋಡೆಗೆ ರಂಧ್ರ ಕೊರೆದು ರಾಸಾಯನಿಕ ತುಂಬಬೇಕು, ಮೇಲೆ ನೀರು ನಿಲ್ಲದ ಸಿಮೆಂಟ್ ಗಿಲಾವು ಮಾಡಬೇಕು.

ಇಂಥ ವರದಿ ಬಂದಾಗ ಬರೆದವರು ಯಾರೆಂದು ನೋಡಬೇಕು. ಚಿಕಿತ್ಸೆ ಮಾರುವವರೇ ರೋಗ ಪತ್ತೆ ಮಾಡಿದ್ದಾರೆಯೇ? ಡಾಕ್ಟರ್ ದಂಪತಿಗೆ ಇದನ್ನು ವಿವರಿಸಬೇಕಾಗಲಿಲ್ಲ. ಎರಡು ಸೂಜಿ ಚುಚ್ಚಿ ತೇವ ತೋರಿಸುವ ಯಂತ್ರ ನಿಜವಾಗಿ ಅಳೆಯುವುದು ವಿದ್ಯುತ್ ಎಷ್ಟು ಸುಲಭವಾಗಿ ಹರಿಯುತ್ತದೆ ಎಂಬುದನ್ನು. ಅದನ್ನು ರೂಪಿಸಿರುವುದು ಮರಕ್ಕೆ. ಹಳೆಯ ಗಿಲಾವಿನಲ್ಲಿ ಉಪ್ಪಿನಂಶವಿದ್ದರೆ ಒಣ ಗೋಡೆಯಲ್ಲೂ ಮುಳ್ಳು ಏರುತ್ತದೆ. ತೇವಕ್ಕೆ ಕಾರಣ ಬಹಳ ಸಲ ಸಾದಾ: ಕಟ್ಟಿಕೊಂಡ ಮಳೆನೀರಿನ ದೋಣಿ, ಒಡೆದ ಪೈಪು, ಗೋಡೆಯ ಬುಡಕ್ಕೆ ಏರಿಬಂದ ಹೂತೋಟದ ಮಣ್ಣು, ಹೊರಗಿನ ಸಿಮೆಂಟ್. ಕಾರಣ ತೆಗೆದು, ಸಿಮೆಂಟ್ ಜಾಗರೂಕತೆಯಿಂದ ಬಿಡಿಸಿ, ಸುಣ್ಣ ಹಾಕಿ ಕಾದರೆ ಗೋಡೆ ಒಣಗುತ್ತದೆ. ಆದರೆ ತಿಂಗಳುಗಟ್ಟಲೆ, ದಪ್ಪ ಗೋಡೆಯಾದರೆ ವರ್ಷದ ಮೇಲೆ ಬೇಕು. ಸುಣ್ಣದ ಕೆಲಸ ಬಲ್ಲವರು ಕಡಿಮೆ, ಅವರ ಸರದಿಯೂ ಉದ್ದ. ಹಿಮ ಬೀಳುವ ತಿಂಗಳುಗಳಲ್ಲಿ ಹೊರಗೆ ಸುಣ್ಣದ ಕೆಲಸ ಮಾಡುವಂತಿಲ್ಲ. 1877ರಲ್ಲಿ ವಿಲಿಯಂ ಮಾರಿಸ್ ಮತ್ತು ಗೆಳೆಯರು ಕಟ್ಟಿದ, ಸ್ಪ್ಯಾಬ್ ಎಂದು ಕರೆಯುವ ಹಳೆಯ ಕಟ್ಟಡಗಳ ರಕ್ಷಣಾ ಸಂಘ ಇವತ್ತಿಗೂ ಮನೆಯವರಿಗೆ ಇಂಥ ವಿಷಯಗಳಲ್ಲಿ ಸಲಹೆ ಕೊಡುತ್ತದೆ.

ಮಾಡು, ಕುಟ್ಟೆ ಹುಳು, ಬಾವಲಿ

ಮಲೆನಾಡಿನಲ್ಲಿ ಮಳೆಗೆ ಮುಂಚೆ ಸೋಗೆ ಬದಲಿಸುತ್ತಿದ್ದ ಮನೆಗಳನ್ನು ಕಂಡವರಿಗೆ ಇಲ್ಲಿಯ ಹುಲ್ಲಿನ ಮಾಡು ಅಚ್ಚರಿ. ಗೋಧಿ ಹುಲ್ಲಿನ ಹೊದಿಕೆ ಹದಿನೈದಿಪ್ಪತ್ತು ವರ್ಷ, ಜೊಂಡಿನದು ನಲವತ್ತು ವರ್ಷದವರೆಗೂ ಬಾಳಬಹುದು. ನೆತ್ತಿಯ ಏಣನ್ನು ಮಾತ್ರ ಹತ್ತು ಹದಿನೈದು ವರ್ಷಕ್ಕೊಮ್ಮೆ ಹೊಸದಾಗಿ ಕಟ್ಟಿಸಬೇಕು. ‘ಹಾಗಾದರೆ ಗೋಧಿ ಹುಲ್ಲು ತೆಗೆದು ಜೊಂಡು ಹೊದಿಸೋಣ’ ಎಂದರೆ ಅದಕ್ಕೂ ಅನುಮತಿ ಕೇಳಬೇಕಾಗಿ ಬರಬಹುದು, ಸಿಗದೆಯೂ ಇರಬಹುದು. ಆ ಸೀಮೆಯ ವಾಡಿಕೆ ಯಾವುದೋ ಅದನ್ನೇ ಉಳಿಸಿ ಎನ್ನುತ್ತಾರೆ. ಕೊನೆಯ ಸಲ ಹೊದಿಸಿದ್ದು ಯಾವಾಗ, ಹೊಗೆಗೂಡು ಪರೀಕ್ಷಿಸಿದ್ದು ಯಾವಾಗ, ಇವೆರಡಕ್ಕೂ ಮಾರುವವರಿಂದ ಕಾಗದ ಕೇಳಿ.

ತೊಲೆಗಳಲ್ಲಿ ಸಣ್ಣ ತೂತುಗಳು ಕಂಡರೆ ಎದೆ ಒಡೆದುಕೊಳ್ಳಬೇಕಾಗಿಲ್ಲ. ಕುಟ್ಟೆ ಹುಳು ಇನ್ನೂರು ವರ್ಷದ ಹಿಂದೆ ತಿಂದು ಹೋಗಿರಬಹುದು. ತೂತಿನ ಕೆಳಗೆ ಹೊಸ ಪುಡಿ ಬಿದ್ದಿದ್ದರೆ ಮಾತ್ರ ಈಗಲೂ ಒಳಗಿದೆ ಎಂದರ್ಥ. ಓಕ್ ತಿನ್ನುವ ಒಂದು ಜಾತಿಗೆ ‘ಸಾವಿನ ಗಡಿಯಾರ’ ಎಂಬ ಅರ್ಥದ ಹೆಸರಿದೆ. ಹುಳು ಮರಕ್ಕೆ ತಲೆ ಬಡಿದು ಸಂಗಾತಿಯನ್ನು ಕರೆಯುವ ಟಿಕ್ ಟಿಕ್ ಸದ್ದು, ರೋಗಿಯ ಹಾಸಿಗೆ ಬಳಿ ರಾತ್ರಿ ಎಚ್ಚರವಾಗಿ ಕೂತವರಿಗೆ ಕೇಳಿಸುತ್ತಿತ್ತಂತೆ. ಅದಕ್ಕೂ ಬೇಕಾದುದು ಒದ್ದೆ, ಕೊಳೆತ ಮರ. ಗೋಡೆ ಒಣಗಿದರೆ ಅದರ ಅನ್ನವೂ ಮುಗಿಯಿತು.

ಬಾವಲಿಯದು ಕಾನೂನಿನ ಮಾತು. ಇಲ್ಲಿ ಎಲ್ಲ ಜಾತಿಯ ಬಾವಲಿಗಳಿಗೂ ಅವುಗಳ ತಂಗುದಾಣಕ್ಕೂ ರಕ್ಷಣೆಯಿದೆ, ಆ ಹೊತ್ತಿಗೆ ಅವು ಅಲ್ಲಿರದಿದ್ದರೂ. ಅಟ್ಟದಲ್ಲಿ ಹಿಕ್ಕೆ ಕಂಡರೆ ತಜ್ಞರು ಸಂಜೆಯ ಹೊತ್ತು ಕೂತು ಎಣಿಸುವ ಸಮೀಕ್ಷೆ ಮಾಡಬೇಕು. ಅದು ನಡೆಯುವುದು ಬೇಸಿಗೆಯ ತಿಂಗಳುಗಳಲ್ಲಿ ಮಾತ್ರ. ಅಕ್ಟೋಬರ್‌ನಲ್ಲಿ ಮನೆ ಕೊಂಡರೆ ಮಾಡಿನ ಕೆಲಸ ಮುಂದಿನ ಮೇ ತಿಂಗಳವರೆಗೆ ನಿಂತಿತೆಂದೇ ಲೆಕ್ಕ.

ದುಡ್ಡು

ಮೊದಲು ಖರೀದಿಯ ತೆರಿಗೆ. 2025ರ ಏಪ್ರಿಲ್‌ನಿಂದ ಇರುವ ದರದಲ್ಲಿ ಮೊದಲ 1,25,000 ಪೌಂಡಿಗೆ ಏನೂ ಇಲ್ಲ, ಅಲ್ಲಿಂದ 2,50,000ದವರೆಗೆ ಶೇಕಡ 2, ಅದರಾಚೆ 9,25,000ದವರೆಗೆ ಶೇಕಡ 5. ಆರು ಲಕ್ಷದ ಮನೆಗೆ 20,000 ಪೌಂಡ್ ಆಗುತ್ತದೆ. ನಮ್ಮವರು ಗಮನಿಸಬೇಕಾದುದು ಇದರ ಮುಂದಿನ ಸಾಲು. ಬೇರೊಂದು ಮನೆ ಇರುವವರಿಗೆ ಪೂರ್ತಿ ಬೆಲೆಯ ಮೇಲೆ ಇನ್ನೂ ಶೇಕಡ 5 ಹೆಚ್ಚುವರಿ ತೆರಿಗೆ, ಮತ್ತು ಆ ‘ಬೇರೊಂದು ಮನೆ’ ಪ್ರಪಂಚದ ಯಾವ ಮೂಲೆಯಲ್ಲಿದ್ದರೂ ಲೆಕ್ಕಕ್ಕೆ ಬರುತ್ತದೆ. ಈ ದಂಪತಿಗೆ ಬೆಂಗಳೂರಿನಲ್ಲೊಂದು ಫ್ಲಾಟ್ ಇದೆ. ಅಲ್ಲಿಗೆ 20,000 ಇದ್ದದ್ದು 50,000 ಆಯಿತು. ವಾಸವಿದ್ದ ಸ್ವಂತ ಮನೆ ಮಾರಿ ಇನ್ನೊಂದಕ್ಕೆ ಹೋಗುವವರಿಗೆ ವಿನಾಯಿತಿ ಉಂಟು. ಬಾಡಿಗೆ ಮನೆಯಿಂದ ಹೊರಡುವವರಿಗೆ ಅದು ಸಿಗುವುದಿಲ್ಲ. ಪಿತ್ರಾರ್ಜಿತ ಪಾಲಿಗೆ ಬೇರೆ ನಿಯಮಗಳಿವೆ, ತೆರಿಗೆ ಬಲ್ಲವರನ್ನು ಕೇಳಬೇಕು.

ದುರಸ್ತಿಯ ಮೇಲೆ ವ್ಯಾಟ್ ಶೇಕಡ 20. ಪಟ್ಟಿಯ ಮನೆಯಲ್ಲಿ ಅನುಮತಿ ಪಡೆದು ಮಾಡುವ ಮಾರ್ಪಾಡಿಗೆ ಹಿಂದೆ ವ್ಯಾಟ್ ಇರಲಿಲ್ಲ. 2012ರ ಅಕ್ಟೋಬರ್ 1ಕ್ಕೆ ಆ ರಿಯಾಯಿತಿ ಮುಗಿಯಿತು. ಹಳೆಯ ಸಲಹೆ ಹೇಳುವವರು ಈಗಲೂ ಇದ್ದಾರೆ, ನಂಬಬೇಡಿ. ಎರಡು ವರ್ಷಕ್ಕಿಂತ ಹೆಚ್ಚು ಕಾಲ ಖಾಲಿ ಬಿದ್ದಿದ್ದ ಮನೆಯಾದರೆ ಮಾತ್ರ ಶೇಕಡ 5ರ ದರ ಸಿಗಬಹುದು, ಅದಕ್ಕೆ ಪುರಾವೆ ಬೇಕು. ಅನುದಾನದ ಆಸೆಯನ್ನೂ ಇಟ್ಟುಕೊಳ್ಳದಿರುವುದು ಒಳ್ಳೆಯದು. ಜನ ವಾಸವಿರುವ ಗ್ರೇಡ್ 2 ಮನೆಗೆ ಸಿಗುವುದು ಅಪರೂಪ.

ವಿಮೆಯನ್ನು ಮಾರುಕಟ್ಟೆ ಬೆಲೆಗೆ ಮಾಡಿಸಿದರೆ ಸಾಲದು. ಬೆಂಕಿ ಬಿದ್ದರೆ ಕಾಂಕ್ರೀಟಿನಲ್ಲಿ ಕಟ್ಟಿಕೊಳ್ಳಲು ಬಿಡುವುದಿಲ್ಲ. ಓಕ್, ಸುಣ್ಣ, ಹುಲ್ಲಿನಲ್ಲೇ ಮರಳಿ ಕಟ್ಟಬೇಕಾಗುತ್ತದೆ. ಆ ಖರ್ಚು ಮನೆಯ ಬೆಲೆಯನ್ನೂ ಮೀರಬಹುದು. ಬ್ಯಾಂಕುಗಳು ಕೂಡ ಅಡುಗೆಮನೆ, ಬಚ್ಚಲು ಬಳಸುವಂತಿಲ್ಲದ ಮನೆಗೆ ಸಾಮಾನ್ಯ ಗೃಹಸಾಲ ಕೊಡಲು ಹಿಂಜರಿಯುತ್ತವೆ. ಇಷ್ಟೆಲ್ಲ ಲೆಕ್ಕ ಹಾಕಿ ಬಂದ ದುರಸ್ತಿ ವೆಚ್ಚಕ್ಕೆ ನಾಲ್ಕನೇ ಒಂದು ಭಾಗ ಸೇರಿಸಿಡಿ ಎಂದು ಅವರಿಗೆ ಹೇಳಿದೆ. ಗಿಲಾವಿನ ಹಿಂದೆ ಏನಿದೆಯೆಂದು ಕೆತ್ತುವವರೆಗೆ ಯಾರಿಗೂ ಕಾಣುವುದಿಲ್ಲ.

ಕರಾರು ಬದಲಾಗುವವರೆಗೆ

ಇಂಗ್ಲೆಂಡಿನ ಪದ್ಧತಿಯಲ್ಲಿ ಕೊಳ್ಳುವವರಿಗೆ ಒಂದು ಅನುಕೂಲವಿದೆ. ಬೆಲೆ ಮಾತಾಡಿ ಒಪ್ಪಿಕೊಂಡರೂ, ಎರಡೂ ಕಡೆಯ ವಕೀಲರು ಸಹಿಯಾದ ಕರಾರುಪತ್ರಗಳನ್ನು ಬದಲಾಯಿಸಿಕೊಳ್ಳುವವರೆಗೆ ಯಾರೂ ಬದ್ಧರಲ್ಲ. ಅದಾದ ಮೇಲೆ ಹಿಂದೆ ಸರಿದರೆ ಸಾಮಾನ್ಯವಾಗಿ ಬೆಲೆಯ ಹತ್ತನೇ ಒಂದು ಭಾಗದಷ್ಟು ಮುಂಗಡ ಕೈಬಿಟ್ಟಂತೆ. ವಿಚಾರಣೆಯೆಲ್ಲ ಆಗಬೇಕಾದುದು ಈ ನಡುವಿನ ವಾರಗಳಲ್ಲಿ.

ಬ್ಯಾಂಕು ಕಳುಹಿಸುವ ಮೌಲ್ಯಮಾಪಕರು ನೋಡುವುದು ಬ್ಯಾಂಕಿನ ಹಣ ಭದ್ರವೇ ಎಂದು, ನಿಮ್ಮ ತೊಲೆಯ ತುದಿಯನ್ನಲ್ಲ. ನಿಮ್ಮ ಪರವಾಗಿ ಬೇಕಾದುದು ‘ಲೆವೆಲ್ 3’ ಎಂದು ಕರೆಯುವ ಪೂರ್ಣ ಕಟ್ಟಡ ಸಮೀಕ್ಷೆ, ಅದೂ ಹಳೆಯ ಕಟ್ಟಡಗಳಲ್ಲಿ ನುರಿತವರಿಂದ. ಕೊಳಚೆನೀರು ಎಲ್ಲಿಗೆ ಹೋಗುತ್ತದೆ ಎಂದೂ ಕೇಳಿ ತಿಳಿದುಕೊಳ್ಳಿ. ಹಳ್ಳಿಮನೆಗಳಲ್ಲಿ ಸೆಪ್ಟಿಕ್ ಟ್ಯಾಂಕ್ ಸಾಮಾನ್ಯ, ಅದರ ನೀರನ್ನು ನೇರವಾಗಿ ಹಳ್ಳಕ್ಕೆ ಬಿಡುವುದು 2020ರಿಂದ ನಿಷಿದ್ಧ.

ಹಾಗೆಯೇ, ಮನೆಯನ್ನು ಮಳೆಯಲ್ಲಿ ಒಮ್ಮೆ ನೋಡಬೇಕು. ಇದನ್ನು ನನಗೆ ಹೇಳಿಕೊಟ್ಟದ್ದು ಇಂಗ್ಲೆಂಡಿನ ಯಾವ ತಜ್ಞರೂ ಅಲ್ಲ. ತೀರ್ಥಹಳ್ಳಿ ಕಡೆಯ ನಮ್ಮ ದೊಡ್ಡಪ್ಪ ಯಾರದೇ ಮನೆ ವ್ಯಾಪಾರಕ್ಕೆ ಬಂದರೂ ‘ಆಷಾಢದಲ್ಲಿ ಬಂದು ನೋಡುತ್ತೇನೆ’ ಎನ್ನುತ್ತಿದ್ದರು.

ಫೆಬ್ರುವರಿಯಲ್ಲಿ ಜೋರು ಮಳೆಯ ದಿನ ಡಾಕ್ಟರ್ ದಂಪತಿ ಮತ್ತೆ ಹೋದರು. ಕೊಡೆ ಹಿಡಿದು ಹಿಂಬದಿಗೆ ನಡೆದರು. ಬಚ್ಚಲುಮನೆಯ ತಗ್ಗು ಹಂಚಿನ ಮಾಡಿನ ಅಂಚಿನಲ್ಲಿ ಮಳೆನೀರಿನ ದೋಣಿ ಎಲೆ ತುಂಬಿ ಕಟ್ಟಿಕೊಂಡಿತ್ತು. ನೀರು ಅದರ ಮೇಲಿಂದ ಹಾರಿ, ಒಳಗೆ ಬಣ್ಣ ಉಬ್ಬಿದ್ದ ಗೋಡೆಯ ನೆತ್ತಿಗೇ ಧಾರೆಯಾಗಿ ಇಳಿಯುತ್ತಿತ್ತು. ಅವರು ಅದನ್ನು ಮೊಬೈಲಿನಲ್ಲಿ ಹಿಡಿದು ನನಗೆ ಕಳುಹಿಸಿದರು. ರಾಸಾಯನಿಕದ ವರದಿಯನ್ನು ಪಕ್ಕಕ್ಕಿಟ್ಟರು. ಗೋಡೆ, ಕಿಟಕಿಗಳ ಅರ್ಜಿಯನ್ನು ಮಾರುವವರೇ ಹಾಕಿದರೆ ಮಾತ್ರ ಮಾತು ಮುಂದುವರಿಯುತ್ತದೆ ಎಂದು ವಕೀಲರಿಂದ ಬರೆಸಿದರು. ಮಾರುವವರು ಹದಿನೈದು ದಿನ ಉತ್ತರಿಸಲಿಲ್ಲ, ಆಮೇಲೆ ಒಪ್ಪಿದರು. ಈಗ ಎಂಟು ವಾರದಲ್ಲಿ ಐದು ಕಳೆದಿವೆ.